ದಿನಕ್ಕೆ ಎಷ್ಟು ಲೋಟ

ಮೊದಲ ಪ್ರಶ್ನೆ ನೀರು ಕುಡಿದಷ್ಟು ಸುಲಭ:
ದಿನಕ್ಕೆ ಎಷ್ಟು ಲೋಟ?
ಕಾಫಿಯದೋ, ಬರೀ ನೀರಿನದೋ, ಅಂದರು ತೌನೋ.
ಎರಡನ್ನೂ ಬೇರೆ ಬೇರೆ ಬರೆಯಬೇಕು, ಅಂದೆ.
ಕಾಫಿ ಒಂಬತ್ತು.
ನೀರು, ಹೆಂಡತಿ ಬೈದರೆ ಒಂದು.

ನನ್ನ ಫಾರಂ ಹದಿನಾಲ್ಕು ಪುಟ.
ಆಸ್ಪತ್ರೆಯ ಕಿಟಕಿಯಾಚೆ ಫಿನ್‌ಲ್ಯಾಂಡಿನ ಮಾರ್ಚ್,
ಸರೋವರ ಇನ್ನೂ ಬಿಳಿ ಮುಚ್ಚಳ ತೆಗೆದಿಲ್ಲ.
ಅದರಡಿಯ ನೀರು ಚಹಾದ ಬಣ್ಣದ್ದು.
ಕೊಳಕಲ್ಲ ಅದು, ಕಾಡಿನ ಕಷಾಯ:
ಜೌಗಿನಲ್ಲಿ ನೆನೆಯುತ್ತಲೇ ಇರುವ ಪಾಚಿ,
ಹೋದ ವರ್ಷ ಉದುರಿದ ಬರ್ಚ್ ಎಲೆ,
ಅದರ ಹಿಂದಿನ ವರ್ಷದ್ದು,
ಅದರ ಹಿಂದಿನದ್ದು.

ಊರಿನ ಪಂಪ್‌ಹೌಸಿನಲ್ಲಿ ಇದಕ್ಕೆ ಕ್ಲೋರಿನ್ ಬೆರೆಸುತ್ತಾರೆ.
ಅದು ಕ್ರಿಮಿಯನ್ನು ಕೊಲ್ಲುತ್ತದೆ.
ಕೊಂದು ಮುಗಿದ ಮೇಲೂ ಕೈ ಸುಮ್ಮನಿರದೆ
ಎಲೆಯ ಉಳಿಕೆಯನ್ನು ಹಿಡಿದುಕೊಳ್ಳುತ್ತದೆ,
ಕೊಳವೆಯ ಕತ್ತಲಲ್ಲಿ ಏನೇನೋ ಹುಟ್ಟುತ್ತವೆ.
ಕೆಲವಕ್ಕೆ ನಾವು ಹೆಸರಿಟ್ಟಿದ್ದೇವೆ.
ಉಳಿದವು ಪ್ರಯೋಗಾಲಯದ ಕಾಗದದ ಮೇಲೆ
ಒಂದೊಂದು ಗುಡ್ಡ,
ಪಕ್ಕದಲ್ಲಿ ಪೆನ್ಸಿಲಿನ ಪ್ರಶ್ನಾರ್ಥಕ.

ಹತ್ತೊಂಬತ್ತನೆಯದು:
ಎಲ್ಲೆಲ್ಲಿ ವಾಸ, ಯಾವ ಇಸವಿಯಿಂದ ಯಾವ ಇಸವಿಗೆ,
ನಲ್ಲಿಯೋ, ಬಾವಿಯೋ?
ಕಣ್ಣು ಮುಚ್ಚಿ
ಎಪ್ಪತ್ತೊಂದು ವರ್ಷದ ನೀರನ್ನು ಸೇದತೊಡಗಿದರು.
ಕಾಗದದ ಗಿರಣಿಯ ಮನೆ, ನಲ್ಲಿ, ಇಪ್ಪತ್ತೆಂಟು ವರ್ಷ.
ಯುದ್ಧದಲ್ಲಿ ಹಿಮ ಕರಗಿಸಿ ಕುಡಿದದ್ದು,
ಅದಕ್ಕೆ ಕಾಲಂ ಇಲ್ಲ.
ಅದಕ್ಕೂ ಮೊದಲು ಅಪ್ಪನ ಹೊಲ,
ಕೊಟ್ಟಿಗೆಯ ಇಳಿಜಾರಿನ ಬಾವಿ.

ಬಾವಿ ಎಂದು ಬರೆದು ಪುಟ ತಿರುಗಿಸಿದೆ.
ಅವರು ತಿರುಗಿಸಲಿಲ್ಲ.
ಎಂಥ ತಿಳಿನೀರು ಗೊತ್ತಾ, ಬಣ್ಣವೇ ಇರಲಿಲ್ಲ.
ತಂಗಿ ಹಿಲ್ಯಾಗೆ ಆಗ ಆರು ವರ್ಷ.
ಬ್ಲೂಬೆರಿ ಬಿಡಿಸುವ ಆಗಸ್ಟಿನಲ್ಲಿ ಜ್ವರ.
ಅವಳ ತಗಡಿನ ಡಬ್ಬಿಯಲ್ಲಿ ಅರ್ಧದಷ್ಟಿತ್ತು,
ಯಾರೂ ತಿನ್ನಲಿಲ್ಲ.
ಊರಿಗೆ ಕ್ಲೋರಿನ್ ಬಂದದ್ದು ಯಾವಾಗ?
ಈಗ ಅವರು ಕೇಳುವವರು, ನಾನು ಹೇಳುವವಳು.
ಇಸವಿ ಹೇಳಿದೆ.
ಬೆರಳು ಮಡಿಸುತ್ತಾ ಹೋದರು.
ಒಂದು ಕೈ ಸಾಲಲಿಲ್ಲ.

ಸೌನಾ ವಾರಕ್ಕೆಷ್ಟು ಸಲ? ಕಲ್ಲಿಗೆ ಎರೆಯುವ ನೀರು ಎಲ್ಲಿಯದು?
ಹಬೆಯನ್ನೂ ಲೆಕ್ಕ ಹಾಕ್ತೀರಾ! ನಕ್ಕರು,
ನಕ್ಕರೆ ನಳಿಕೆ ಜಗ್ಗುತ್ತದೆ, ಹೊಟ್ಟೆ ಒತ್ತಿಕೊಂಡರು.
ಉಸಿರಿನಲ್ಲೂ ಒಳಗೆ ಹೋಗುತ್ತದೆ, ಚರ್ಮದಿಂದಲೂ, ಅಂದೆ.
ಸ್ವಲ್ಪ ಹೊತ್ತು ಮುಂಗೈಯನ್ನೇ ನೋಡಿದರು,
ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬಂತೆ.

ಆಮೇಲೆ ಫಾರಂನಲ್ಲಿಲ್ಲದ ಪ್ರಶ್ನೆ.
ನನ್ನ ಮೂತ್ರಕೋಶದ ಈ ಗಡ್ಡೆ, ನೀರಿನದೇ?
ಸಾವಿರ ಜನರನ್ನು ಕೇಳಿದರೆ ಏನಾದರೂ ತಿಳಿದೀತು.
ನಿಮ್ಮೊಬ್ಬರದು ತಿಳಿಯುವುದಿಲ್ಲ.
ಸಿಗರೇಟಿಗೇ ಮೂರು ಪುಟ ಇದೆ, ಇನ್ನೂ ಮುಟ್ಟಿಲ್ಲ.
ಹ್ಞೂಂ, ಅಂದರು.
ಬೇಸರವೋ, ಸಮಾಧಾನವೋ,
ಆ ಹ್ಞೂಂಗೆ ಸಂಕೇತಸಂಖ್ಯೆ ಇರಲಿಲ್ಲ.

ಬಸ್ಸಿನಲ್ಲಿ ಕೂತು ಅಂಚಿನಲ್ಲಿ ಬರೆದೆ:
ಹಿಲ್ಯಾ, ಆರು ವರ್ಷ, ಬಾವಿ.
ಕಂಪ್ಯೂಟರಿಗೆ ಏರಿಸುವ ಹುಡುಗ ಅದನ್ನು ಬಿಡುತ್ತಾನೆ.
ಬಿಡಬೇಕಾದ್ದೇ.
ನಮ್ಮ ಪಟ್ಟಿಯಲ್ಲಿರುವವರೆಲ್ಲ ಮುದುಕರು,
ಮುದುಕರಾಗುವಷ್ಟು ಕಾಲ ನೀರು ಕುಡಿದವರು.

ಮರುದಿನ ಹೋಲಿಕೆಗೆಂದು ಗಡ್ಡೆಯಿಲ್ಲದವರೊಬ್ಬರು,
ಅದೇ ವಯಸ್ಸು, ಅದೇ ಊರು, ಎಯ್ನಾರಿ ಎಂದು ಹೆಸರು.
ಬಾಗಿಲು ತೆರೆದವರೇ, ತೌನೋ ಹೇಗಿದ್ದಾನೆ?
ಗಿರಣಿಯಲ್ಲಿ ಒಂದೇ ಪಾಳಿ ನಮ್ಮದು.
ಹೇಳುವಂತಿಲ್ಲ, ಅಂದೆ.
ತಲೆಯಾಡಿಸಿ, ಅಡುಗೆಮನೆಯ ನಲ್ಲಿ ತಿರುಗಿಸಿ
ತಣ್ಣಗಾಗಲೆಂದು ಹರಿಯಬಿಟ್ಟರು ಬಹಳ ಹೊತ್ತು,
ನನ್ನ ಕಡೆ ಬೆನ್ನು ಮಾಡಿ,
ಲೋಟ ಕೈಯಲ್ಲೇ ಇತ್ತು.