ಕೈಯಾಲೆ ಎಂಬ ಡ್ರೈವ್

ಸುಂಟಿಕೊಪ್ಪದ ಸಂತೆಬೀದಿಯಲ್ಲಿ ಕೋಳಿ ಅಂಗಡಿ ದಾಟಿ
ಮೂರನೆಯ ಶಟರು ನಮ್ಮದು.
ಜೆರಾಕ್ಸು, ಲ್ಯಾಮಿನೇಷನ್ನು, ಮದುವೆ ಕಾಗದ, ಸಾವಿನ ಕಾಗದ.
ಕಂಪ್ಯೂಟರು ಒಂದೇ.
ಬೆಳಿಗ್ಗೆ ನಾನು, ಎರಡು ಗಂಟೆಯಿಂದ ಉಬೈದ್.

ಗುಂಡಿ ಒತ್ತಿದರೆ ಕಪ್ಪು ಪರದೆ ಕೇಳುವುದು
ಯಾರು ನೀನು ಎಂದಲ್ಲ,
ಯಾವ ಮನೆ ಎಂದು.
ಹತ್ತು ಸೆಕೆಂಡು ಕಾಯುತ್ತದೆ.
ಕೆಳಬಾಣ ಒತ್ತಿ ನಾನು ವಿಂಡೋಸಿಗೆ ಇಳಿಯುತ್ತೇನೆ;
ಸುಮ್ಮನಿದ್ದರೆ ಅದಾಗಿಯೇ ಅವನ ಲಿನಕ್ಸು.
ಒಂದು ಬಾಗಿಲು ತೆರೆದಾಗ
ಇನ್ನೊಂದು ಬಾಗಿಲು ಗೋಡೆ.

ನಡುವೆ ನಲವತ್ತು ಜಿಬಿ, ಉಬೈದ್ ಕೊಯ್ದಿಟ್ಟದ್ದು,
ಇಬ್ಬರ ಫೈಲೂ ಇಡಲು.
ಹೆಸರೊಂದು ಬೇಕಲ್ಲ ಎಂದಾಗ ಯಜಮಾನಿ ಚೋಂದಮ್ಮ
ಬಾಯಲ್ಲಿನ ಎಲೆಯಡಿಕೆ ಬದಿಗೊತ್ತಿ ಅಂದರು, 'ಕೈಯಾಲೆ.'
ಅವರ ಐನ್‌ಮನೆಯ ಜಗುಲಿ ಅದು,
ಬಂದವರು ಒಳಗೆ ಕಾಲಿಡದೆ ಕೂತು ಮಾತಾಡುವ ಕಡೆ.
ಉಬೈದನ ಉಮ್ಮ ಅದನ್ನೇ ಕೋಲಾಯ ಅನ್ನುತ್ತಾರಂತೆ.
ನಮ್ಮ ಅರೆಬಾಸೆಯಲ್ಲಿ ಏನು ಅಂತ ಕೇಳಿದ.
ಜಗುಲಿ ಅಂತಲೇ ಇರಬೇಕು ಅಂದೆ. ಅಷ್ಟು ಖಾತ್ರಿಯಿಲ್ಲ.

ಅವನ ಕಡೆಯಿಂದ ನನ್ನ ಮನೆ ಕಾಣುತ್ತದೆ.
ನನ್ನ ಡೆಸ್ಕ್‌ಟಾಪಿನ ದಾಸವಾಳದ ಚಿತ್ರ ಕೂಡ ನೋಡಿದ್ದಾನೆ.
ನನ್ನ ಕಡೆಯಿಂದ ಅವನದು
ಹೆಸರಿಲ್ಲದ ಒಂದು ಚೌಕ. ಕ್ಲಿಕ್ಕಿಸಿದರೆ ವಿನಯದಿಂದ
'ಬಳಸುವ ಮೊದಲು ಇದನ್ನು ಫಾರ್ಮ್ಯಾಟ್ ಮಾಡಬೇಕು. ಮಾಡಲೇ?'
ಓದಲು ಬಾರದ್ದನ್ನೆಲ್ಲ ಖಾಲಿ ಅಂದುಕೊಳ್ಳುವ ಯಂತ್ರ.
ಮೊದಲ ವಾರ ನನ್ನ ಬೆರಳು 'ಹೌದು' ಮೇಲೆಯೇ ಇತ್ತು.
ಈಗ ಆ ಚೌಕವನ್ನೇ ಅಡಗಿಸಿಟ್ಟಿದ್ದಾನೆ.
ಸರಿಯೇ ಮಾಡಿದ. ಆದರೂ ಒಂದು ದಿನ ಬೇಜಾರಾಯಿತು.

ಹೋದ ಶುಕ್ರವಾರ ಕಂಬಿಬಾಣೆಯಿಂದ ಒಬ್ಬರು ಬಂದರು,
ಕಿಸೆಯಲ್ಲಿ ತೀರಿಹೋದ ಅಕ್ಕನ ಫೋಟೊ,
ಚೀಟಿಯಲ್ಲಿ ಕೊಡವ ತಕ್ಕ್‌ನ ಆರು ಸಾಲು.
ಮಾದದ ಕಾಗದ. ಐವತ್ತು ಬೇಕು, ಸಂಜೆಗೆ.
ಆ ಮಾತು ನನಗೆ ಕಿವಿಗೆ ಬರುತ್ತದೆ, ಬೆರಳಿಗೆ ಬರುವುದಿಲ್ಲ.
ಲಿಪಿ ಮಾತ್ರ ನಮ್ಮದೇ ಕನ್ನಡ;
ಅಕ್ಷರ ನೋಡಿ ಅಕ್ಷರ ಹೊಡೆದೆ,
ಕೈಯಾಲೆಯಲ್ಲಿ ಇಟ್ಟೆ, ಶಟ್ ಡೌನ್ ಕೊಟ್ಟೆ,
ಸಿದ್ದಾಪುರದ ಬಸ್ಸಿಗೆ ಓಡಿದೆ.

ಶಟ್ ಡೌನ್ ಅಂದರೆ ಶಟ್ ಡೌನ್ ಅಲ್ಲವಂತೆ.
ನಾಳೆ ಬೇಗ ಏಳಬೇಕೆಂದು ವಿಂಡೋಸು
ಮಲಗಿದಂತೆ ಮಾಡಿ
ಜಗುಲಿಯ ಬೀಗದಕೈ ದಿಂಬಿನಡಿ ಇಟ್ಟುಕೊಳ್ಳುತ್ತದೆ.
ಉಬೈದ್ ತೆರೆದಾಗ ಕೈಯಾಲೆ ಇತ್ತು, ಕಾಗದ ಇತ್ತು.
ಓದಬಹುದು. ಬರೆಯಲಾಗದು.
ಎರಡನೇ ಸಾಲಿನಲ್ಲೇ
ಪೂವವ್ವ ಹೋಗಿ ಪುವವ್ವ ಆಗಿದ್ದರು.
ಅವನಿಗೂ ಆ ಮಾತು ಬಾರದು. ಆದರೆ ಪೂವವ್ವ ಗೊತ್ತು,
ಆಷಾಢದಲ್ಲಿ ಅವರ ಮನೆಗೆ ಕಣಿಲೆ ತಂದುಕೊಡುತ್ತಿದ್ದವರು.
ಕಾಗದವನ್ನು ತನ್ನ ಮನೆಯೊಳಗೆ ಒಯ್ದು, ದೀರ್ಘ ಕೊಟ್ಟು,
ಐವತ್ತು ತೆಗೆದು ಕಟ್ಟಿಟ್ಟ.
ನನಗೊಂದು ಚೀಟಿ ಬರೆದು ಪರದೆಗೆ ಅಂಟಿಸಿದ.

ಚೀಟಿ ಬಿದ್ದು ಕೀಬೋರ್ಡಿನಡಿ ಸೇರಿತ್ತು.
ಶನಿವಾರ ಬೆಳಿಗ್ಗೆ ಅವರು ಮತ್ತೆ ಬಂದರು,
'ಇನ್ನೊಂದು ಹತ್ತು ಆಗಬೇಕಿತ್ತು.'
ಜಗುಲಿಯಲ್ಲಿ ನಾನಿಟ್ಟದ್ದು ನಾನಿಟ್ಟ ಹಾಗೇ ಇತ್ತು.
ಹತ್ತು ತೆಗೆದೆ.

ಅವರು ಬೈಯಲಿಲ್ಲ. ಪೆನ್ನು ಇದೆಯಾ ಅಂದರು.
ಕೌಂಟರಿನ ಗಾಜಿನ ಮೇಲೆ ಬಗ್ಗಿ, ಹತ್ತೂ ಕಡೆ,
ಮೊದಲ ಅಕ್ಷರದ ಕೊಂಬನ್ನು ಹಿಡಿದೆಳೆದು ಸುತ್ತಿಸಿ
ಅಕ್ಕನನ್ನು ಅಕ್ಕನಾಗಿ ಮಾಡಿದರು.
ಏಳನೆಯದರಲ್ಲಿ ಶಾಯಿ ಹರಡಿತು.
ಅದನ್ನು ತಾವೇ ಇಟ್ಟುಕೊಳ್ಳುತ್ತೇನೆಂದರು.

ಚೀಟಿ ಸಿಕ್ಕಿದ್ದು ಸೋಮವಾರ, ಧೂಳು ಹೊಡೆಯುವಾಗ.
'ಪೂ. ದೀರ್ಘ. ಮತ್ತೆ, ಹೋಗುವಾಗ ಶಿಫ್ಟ್ ಅದುಮಿ ಮುಚ್ಚು.
ಆಗ ಪೂರ್ತಿ ಮಲಗುತ್ತೆ.'

ಈಗ ಅದುಮಿ ಮುಚ್ಚುತ್ತೇನೆ.
ದೀಪ ಆರಿ, ಫ್ಯಾನು ತಣ್ಣಗಾಗುವ ತನಕ
ಚೀಲ ಹೆಗಲಿಗೆ ಹಾಕಿಕೊಂಡು ನಿಂತಿರುತ್ತೇನೆ.
ಸಿದ್ದಾಪುರದ ಬಸ್ಸು ಒಮ್ಮೊಮ್ಮೆ ತಪ್ಪುತ್ತದೆ.