ಎರಡನೇ ಸಲ

ಹನುಮಂತನಗರದ ನಮ್ಮ ಅಡುಗೆಮನೆಯ ಮೊಳೆಯಲ್ಲಿ
ಹತ್ತೊಂಬತ್ತು ವರ್ಷ ನೇತಾಡಿತು ಅದು,
ಸ್ಕೂಟರು ಮಾರಿದ ಮೇಲೂ ಉಳಿದ ಸ್ಕೂಟರಿನ ಕೀ,
ಗ್ಯಾಸಿನ ಪುಸ್ತಕ, ಮುರಿದ ಜರಡಿ, ಇವುಗಳ ನಡುವೆ
ಗೇಣುದ್ದದ ಕಬ್ಬಿಣದ ಬೀಗದ ಕೈ.
ಗೇಣುದ್ದ ಅಂದರೆ ಇವರು ಒಪ್ಪುವುದಿಲ್ಲ,
ಬೆರಳುದ್ದ ಎನ್ನುತ್ತಾರೆ.
ಅಳೆದು ನೋಡಿಲ್ಲ, ಇರಲಿ.

ಮೊದಲ ಸಲ ಚೀಟಿ ಎತ್ತಿ ಹೋಗಿದ್ದೆವು.
ಆ ವರ್ಷ ನಮಗೆ ಬೆಂಗಳೂರು ಬೇಡವಾಗಿತ್ತು,
ಕಾರಣ ಇಲ್ಲಿ ಬೇಡ.
ಲಿಸ್ಬನ್ನಿನಲ್ಲಿ ಏರು, ಏರಿನ ಮೇಲೆ ಇನ್ನೊಂದು ಏರು,
ಹಳದಿ ಟ್ರಾಮು ಗೋಡೆ ಸವರಿಕೊಂಡು ನುಸುಳುವ ಓಣಿ,
ನಾಲ್ಕನೇ ಮಹಡಿ. ಮನೆಯೊಡತಿ ದೋನಾ ಗ್ರಾಸಿಂದಾ
ಇದನ್ನು ನನ್ನ ಅಂಗೈಗಿಟ್ಟು
"ಶಾವಿ" ಅಂದಳು.

ನಕ್ಕೆ. ತಡೆಯಲಾಗಲಿಲ್ಲ.
ಹುಬ್ಬಳ್ಳಿಯ ನನ್ನತ್ತೆ ಕೊನೆಯವರೆಗೂ ಚಾವಿ ಅಂದವರು,
"ಬೀಗದ ಕೈ ಅನ್ನಿ" ಎಂದು ಬೆಂಗಳೂರಿನ ಸೊಸೆ ನಾನು
ಎಷ್ಟು ತಿದ್ದಿದ್ದೆ!
ನನ್ನ ನಗು ಕಂಡು ಅವಳು ಮೇಜು ತಟ್ಟಿ "ಮೇಜ" ಅಂದಳು.
ಇವರು ಹುರುಪಿನಲ್ಲಿ ಅಂಗಿ ತೋರಿಸಿ "ಇಸ್ತ್ರಿ" ಅಂದರು,
ಅದು ನಡೆಯಲಿಲ್ಲ.
ಆ ರಾತ್ರಿ ಕಿಟಕಿಯಲ್ಲಿ ನನ್ನ ಸೀರೆ ಒಣಹಾಕುತ್ತ
ಇವರು ಏನೋ ಗುನುಗಿದರು.
ಏಳು ತಿಂಗಳಾಗಿತ್ತು ಆ ದನಿ ಕೇಳಿ.

ಹೊರಟ ದಿನ ಅವಸರ, ಟ್ಯಾಕ್ಸಿ, ಪಾಸ್‌ಪೋರ್ಟಿಗೆ ಜಗಳ.
ಹಳೇ ಏರ್‌ಪೋರ್ಟಿನೆದುರು ಆಟೋದವನಿಗೆ
ಚಿಲ್ಲರೆ ಹುಡುಕುವಾಗ ಇವರ ಜೇಬಿನಿಂದ ಬಂತು.
"ಸರ್ವಮಂಗಳ, ನಾವು ಕಳ್ಳರು."

ಈ ಸಲ ವೀಸಾ ಕಚೇರಿಯಲ್ಲಿ ಕೇಳಿದರು: ಹೋಗುವ ಉದ್ದೇಶ?
"ಬೀಗದ ಕೈ ವಾಪಸು ಕೊಡುವುದು" ಅಂದುಬಿಟ್ಟರು ಇವರು.
ತೊಡೆ ಚಿವುಟಿದೆ. ಪ್ರವಾಸ ಎಂದು ಬರೆಸಿದೆ.

ಓಣಿ ಅದೇ. ಏರು ಮಾತ್ರ ಬೆಳೆದಿತ್ತು,
ಅಥವಾ ನಮ್ಮ ಮಂಡಿ.
ಬಾಗಿಲು ಹೊಸದು, ಬೂದು ಬಣ್ಣ,
ಕೀ ತೂರಿಸುವ ಕಂಡಿಯೇ ಇಲ್ಲ,
ಇರುವುದು ಒತ್ತುವ ಅಂಕಿಗಳು.
ಚಕ್ರದ ಪೆಟ್ಟಿಗೆ ದಡದಡ ಇಳಿಸಿಕೊಂಡು ಬಂದ ಹುಡುಗಿ
"ಕೋಡ್ ಮರೆತಿರಾ?" ಅಂದಳು, ಇಂಗ್ಲಿಷಿನಲ್ಲಿ.
ಗ್ರಾಸಿಂದಾ ಹೆಸರು ಹೇಳಿದೆವು.
ಫೋನು ನೋಡಿ, ಇಲ್ಲ, ಅಂಥವರು ಯಾರೂ ಇಲ್ಲ.
ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಮೆಟ್ಟಿಲ ಮೇಲೆ ಕೂತೆವು.
ಕೆಳಗೆ ನದಿ, ಆಗತಾನೇ ತೊಳೆದು ಕವುಚಿದ ಸ್ಟೀಲು ತಟ್ಟೆ.
ನಾನು ಕಿಟಕಿ ಎಣಿಸಿದೆ. ಒಂದು, ಎರಡು, ಮೂರು.
ನಾಲ್ಕನೆಯದರಲ್ಲಿ ಯಾರದೋ ಈಜುಡುಗೆ ಒಣಗುತ್ತಿತ್ತು.
ಇವರು ಅದನ್ನು ಕರ್ಚೀಫಿನಲ್ಲಿ ಸುತ್ತಿದರು, ಬಿಚ್ಚಿದರು,
ಮತ್ತೆ ಸುತ್ತಿದರು.
ಯಾರ ಬಾಯಿಗೂ ಹಾಡು ಬರಲಿಲ್ಲ.
ಹಸಿವಾಯಿತು, ಎದ್ದೆವು.

ದೇವನಹಳ್ಳಿಯಲ್ಲಿಳಿದು ಬಸ್ಸು, ಎರಡು ತಾಸು, ನಿದ್ದೆ.
ಮೂರು ವಾರದಲ್ಲಿ ನಮ್ಮ ಬೀದಿಯ ಮೂಲೆಮನೆ ಕೆಡವಿದ್ದರು.
ಆಟೋ ಮುಂದಕ್ಕೆ ಹೋಗಿ, ತಿರುವು ತಪ್ಪಿತೆಂದು
ಹಿಂದಕ್ಕೆ ಬರಬೇಕಾಯಿತು.

ಶುಕ್ರವಾರ ಸೊಪ್ಪು ತರಲು ಹೋದ ಇವರು
ಆಶ್ರಮದ ಹತ್ತಿರ ಕೊಡೆ ಬಿಚ್ಚಿ ಕೂರುವ ಇಮ್ತಿಯಾಜನೆದುರು
ಕುಕ್ಕರುಗಾಲಲ್ಲಿ ಕೂತಿದ್ದರಂತೆ.
"ಬೀಗ ತಂದಿದ್ದೀರಾ ಸಾರ್?"
"ಬೀಗ ಇಲ್ಲ."
"ಮತ್ತೆ ಸರಿಯಾಯಿತೋ ಇಲ್ಲವೋ ನೋಡೋದು ಹೇಗೆ?"
"ನೋಡೋದು ಬೇಡ, ಮಾಡು."
ಒಂದೂವರೆ ಗಂಟೆ ಅರ ಹಾಕಿ ಉಜ್ಜಿದನಂತೆ.
ನಾನೂರೈವತ್ತು ರೂಪಾಯಿ!
ಸೊಪ್ಪು ಬಾಡಿತ್ತು.

ಈಗ ಮೊಳೆಯಲ್ಲಿ ಎರಡು.
ಹೊಸದನ್ನು ನನಗೆ ಕೊಟ್ಟು
ಹಳೆಯದು ತಮ್ಮದು ಎನ್ನುತ್ತಾರೆ.
ಹೊಸದು ವಿಪರೀತ ಹೊಳೆಯುತ್ತದೆ, ನನಗದು ಬೇಡ,
ಗ್ರಾಸಿಂದಾ ಚಾವಿ ಇಟ್ಟಿದ್ದು ನನ್ನ ಕೈಗೆ ತಾನೆ?
ಇನ್ನೂ ಇತ್ಯರ್ಥವಾಗಿಲ್ಲ.