ಹೊಟ್ಟೆ ಯಾವ ಕಡೆ

ಅಲಾಸ್ಕದ ಡಿಸೆಂಬರ್. ಹತ್ತಾದರೂ
ಸೂರ್ಯ ಗೈರುಹಾಜರು.
ನಮ್ಮ ಶಾಲೆಗೆ ಗಂಟೆಯೂ ಇಲ್ಲ,
ಗಂಜಿಪಾತ್ರೆ ಸಿಂಕಿಗೆ ಬಿದ್ದ ಸದ್ದೇ ಗಂಟೆ.

ಸಿಗ್ನಿ, ಎಂಟು ವರ್ಷ, ಫ್ರೀಜರಿನೊಳಗೆ ತಲೆ ಹಾಕಿ
ಸಾಲ್ಮನ್ ಪೊಟ್ಟಣ ಎಣಿಸುತ್ತಾಳೆ.
ಮೂವತ್ತೊಂದು. ವಾರಕ್ಕೆರಡರಂತೆ
ಎಲ್ಲಿಯವರೆಗೆ ಬಂದೀತು?
"ಮಾರ್ಚ್ ಮುಗಿಯೋವರೆಗೆ. ಆಮೇಲೆ ಒಂದು ಉಳಿಯುತ್ತೆ.
ಅದು ನಾಯಿಗೆ."
ಶೇಷ ಎಂದರೇನೆಂದು ಇನ್ನು ನಾನು ಹೇಳಬೇಕಿಲ್ಲ.

ಮೇಜಿನಡಿಯಲ್ಲಿ ತೋಬಿಯಾಸ್.
ಬಿ ಬರಿ ಎಂದರೆ ಡಿ, ಡಿ ಎಂದರೆ ಬಿ,
ಮೂರು ವಾರದಿಂದ ಇದೇ ಪಾಡು.
ನಿನ್ನೆ ಗದರಿದೆ. ಪೆನ್ಸಿಲ್ ಮುರಿಯಿತು,
ಯಾರ ಕೈಯಲ್ಲಿ ಎಂದು ಹೇಳಲಾರೆ.
ರಾತ್ರಿ ನಿದ್ದೆ ಬಾರದೆ
ಹಳದಿ ಬಸ್ಸು ನಿಲ್ಲುವ ತಿರುವಿಗೆ
ಎಷ್ಟು ಮೈಲಿ ಎಂದು ಮತ್ತೆ ಲೆಕ್ಕ ಹಾಕಿದೆ.

ಇವತ್ತು ಪಾಠಪುಸ್ತಕ ಮುಚ್ಚಿ
ಅವನೆದುರು ಪಕ್ಕಕ್ಕೆ ತಿರುಗಿ ನಿಂತೆ,
ಏಳು ತಿಂಗಳ ಬಸುರಿ.
"ನೋಡು, ಬಲಗಡೆ ಕಿಟಕಿಗೆ ಹೊಟ್ಟೆ. ನಾನು ಬಿ."
ತಿರುಗಿದೆ. "ಬಾಗಿಲ ಕಡೆ. ಈಗ?"

ತೆವಳಿ ಹೊರಬಂದ.
ಉತ್ತರ ಹೇಳಲಿಲ್ಲ. ಹೊಟ್ಟೆಗೆ ಕಿವಿಯಿಟ್ಟು ಕೇಳಿದ:
"ಒಳಗಿರೋದಕ್ಕೆ ಗೊತ್ತಾ, ತಾನು ಯಾವ ಅಕ್ಷರದಲ್ಲಿದೀನಿ ಅಂತ?"

ಆಮೇಲೆ ದಿನವಿಡೀ ಬಿಡಲಿಲ್ಲ.
ಪಾತ್ರೆ ತೊಳೆಯಲು ಹೋದರೆ "ಡಿ!"
ಒಲೆಗೆ ಕಟ್ಟಿಗೆ ಒಡ್ಡಲು ಹೊರಳಿದರೆ "ಬಿ!"
ಸಿಗ್ನಿಯೂ ಸೇರಿಕೊಂಡಳು, ನಾಯಿಯೂ.

ಎರಡು ಗಂಟೆ. ಹಿಮದ ಮೇಲೆ
ತೆಳು ಗುಲಾಬಿ ಬೆಳಕು.
ಸೊಂಟ ಹಿಡಿದು ಕುರ್ಚಿಗೆ ಕುಸಿದೆ.

"ಅಮ್ಮಾ, ಕೂತರೆ ಯಾವ ಅಕ್ಷರಾನೂ ಅಲ್ಲ.
ಏಳು."